ಅಂಟಾರ್ಕ್ಟಿಕಾಕ್ಕೆ ಮಡಿಲಕ್ಕಿ

ಅರವತ್ತು ದಾಟಿದ ಹೆಂಗಸು ನಮ್ಮ ಕಡೆ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಹೋಗುವ ಜಾಗದಲ್ಲಿ ಒಂದು ದೇವಸ್ಥಾನ ಮಾತ್ರ ಇರಬೇಕು. ಕಾಶಿಗೆ ಹೊರಟಿದ್ದರೆ ಕೊಳ್ಳೇಗಾಲದ ನಮ್ಮ ಬೀದಿಯವರೆಲ್ಲ ಬಸ್‌ಸ್ಟ್ಯಾಂಡಿಗೆ ಬಂದು ಕಳಿಸಿಕೊಡುತ್ತಿದ್ದರು. ನಾನು ಹೊರಟಿದ್ದು ಅಂಟಾರ್ಕ್ಟಿಕಾಕ್ಕೆ, ಹಡಗಿನಲ್ಲಿ. ಮೂವತ್ತು ವರ್ಷ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಾ, ಗ್ಲೋಬಿನ ತಳದಲ್ಲಿ ಸ್ಕ್ರೂ ಕೂರಿಸಿದ ಜಾಗವನ್ನು ತೋರಿಸಿ 'ಇದೇ ದಕ್ಷಿಣ ಧ್ರುವ' ಎಂದವಳು ನಾನು. ಆ ಸ್ಕ್ರೂವಿನ ಸುತ್ತ ನಿಜಕ್ಕೂ ಏನಿದೆ ಎಂದು ಕಣ್ಣಾರೆ ನೋಡಿಯೇ ಸಾಯುತ್ತೇನೆಂದು ಹಟ ಹಿಡಿದೆ.

ಸುದ್ದಿ ಹೇಳಲು ಹನೂರಿನ ತವರಿಗೆ ಹೋದೆ. ಅಣ್ಣ ಕೇಳಿದ: "ಅಲ್ಲಿ ಯಾವ್ ದೇವ್ರದೆ?"

"ಯಾವ ದೇವ್ರೂ ಇಲ್ಲ."

"ಜನ?"

"ಅವ್ರೂ ಇಲ್ಲ. ಪೆಂಗ್ವಿನ್ ಅವೆ."

"ಲೇ, ಯಾರೂ ಇಲ್ದಿರೋ ಊರ್ಗೆ ಯಾರ್ನ ನೋಡಕ್ ಓಯ್ತೀಯೆ? ಒಂಟಿ ಎಂಗ್ಸು!"

ಸಿಟ್ಟು ಬಂದರೆ ನನಗೂ ಹನೂರಿನ ಮಾತೇ ಬರುತ್ತದೆ. "ಅದ್ಕೇ ಓಯ್ತಿರದು ಕಣಣ್ಣ. ಒಂಟಿ ಎಂಗ್ಸು ಅನ್ನೋರು ಅಲ್ಲಿ ಯಾರೂ ಇಲ್ಲ" ಎಂದೆ.

ತವರಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಳಿಸುವುದು ನಮ್ಮಲ್ಲಿ ಪದ್ಧತಿ. ಯಜಮಾನರು ತೀರಿಕೊಂಡ ಮೇಲೆ ನನಗೆ ಅದು ನಿಂತು ಹನ್ನೆರಡು ವರ್ಷವಾಗಿತ್ತು. ತಂಗಿಗೆ ಮಡಿಲು ತುಂಬುವ ಹೊತ್ತಿಗೆ ನಾನು ಚಪ್ಪಲಿ ಹುಡುಕುವವಳಂತೆ ಬಾಗಿಲಾಚೆ ಹೋಗುತ್ತಿದ್ದೆ. ಎದುರಿಗೇ ಇರುವ ಚಪ್ಪಲಿಯನ್ನು ಹತ್ತು ನಿಮಿಷ ಹುಡುಕುವ ಕಲೆ ನನಗೆ ಚೆನ್ನಾಗಿ ಒಲಿದಿದೆ. ಕೇಳಿದವರಿಗೆ 'ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ' ಎನ್ನುತ್ತಿದ್ದೆ. ಸುಳ್ಳು. ನೋವಾಗುತ್ತಿತ್ತು.

ಆ ದಿನ ಅಣ್ಣನನ್ನು ಉರಿಸಲೆಂದೇ, ಹಿಮಕ್ಕಾಗಿ ಕೊಂಡ ದಪ್ಪ ಕೆಂಪು ಜಾಕೆಟ್ಟನ್ನು ಚೂಡಿದಾರದ ಮೇಲೆ ಹಾಕಿಕೊಂಡು ಹನೂರಿನ ಬಿಸಿಲಿಗೆ ಹೊರಟೆ. ಹೊಸ್ತಿಲಲ್ಲಿ ಅತ್ತಿಗೆ ಮೊರ ಹಿಡಿದು ಅಡ್ಡ ನಿಂತರು.

"ಸೆರಗು ಒಡ್ಡವ್ವ."

"ಸೆರಗೆಲ್ಲದೆ ಅತ್ಗೆ?"

"ಜೇಬು ಅದೆಯಲ್ಲ, ಅದ್ನೇ ಒಡ್ಡು."

ಅಣ್ಣ ಎದ್ದು ಬಂದ. "ಅಲ್ಲ ಕಣೆ, ಅವ್ಳ್ಗೆಂಗೆ..."

"ನೀವ್ ಸುಮ್ಕಿರಿ. ದೇವ್ರೇ ಇಲ್ದಿರೋ ಊರ್ಗೆ ಓಯ್ತಾವ್ಳೆ. ಬರೀ ಕೈಲಿ ಕಳ್ಸಕಾದದಾ?" ಎಂದ ಅತ್ತಿಗೆ, ಅರಿಶಿನ ಹಚ್ಚಿದ ಅಕ್ಕಿಯನ್ನು ಬೊಗಸೆ ಬೊಗಸೆ ಸುರಿದು, "ಒಂದ್ ಕಾಳೂ ನೆಲುಕ್ಕೆ ಬೀಳ್ಕೂಡದು ಕಣವ್ವ" ಎಂದರು.

ಕೊಳ್ಳೇಗಾಲದ ಬಸ್ಸಿನಲ್ಲಿ ಜಾಕೆಟ್ ತೊಟ್ಟು ಅಳುತ್ತಾ ಕೂತಿದ್ದ ನನ್ನನ್ನು ಕಂಡು ಕಂಡಕ್ಟರ್, "ಚಳಿ ಜ್ವರವಾ ಟೀಚರಮ್ಮ?" ಎಂದು ಕೇಳಿದ. ಹೌದೆಂದೆ. ಮನೆಗೆ ಬಂದು ಆ ಅಕ್ಕಿಯಲ್ಲಿ ಪಾಯಸ ಮಾಡಿಕೊಂಡು ತಿಂದೆ. ಒಂದು ಹಿಡಿ ಜೇಬಿನಲ್ಲೇ ಉಳಿಯಿತು. ನಂಬಿಕೆಯಿಂದಲ್ಲ, ಜೇಬು ಝಾಡಿಸಲು ಸೋಮಾರಿತನ, ಅಷ್ಟೇ.

ಹಡಗು ಹಿಮದ ದಡ ಸೇರಿದ ಬೆಳಿಗ್ಗೆ, ಇಳಿಯುವ ಮುನ್ನ ಎಲ್ಲರ ಬಟ್ಟೆ ತಪಾಸಣೆ ಇತ್ತು. ಆ ನೆಲಕ್ಕೆ ಹೊರಗಿನ ಒಂದು ಬೀಜವೂ ಹೋಗಕೂಡದಂತೆ. ವ್ಯಾಕ್ಯೂಮ್ ಹಿಡಿದಿದ್ದ ಹುಡುಗಿ ನನ್ನ ಜೇಬಿಗೆ ಕೈ ಹಾಕಿದಳು; ಅಂಗೈ ತುಂಬ ಹಳದಿ ಅಕ್ಕಿ. ಕಸದ ಬುಟ್ಟಿಗೆ ಹಾಕಿ, ಇಲ್ಲವಾದರೆ ಹಡಗಿನಲ್ಲೇ ಇರಿ ಎಂದಳು. ಒಂದು ಕಾಳೂ ನೆಲಕ್ಕೆ ಬೀಳಕೂಡದು ಎಂದೂ ಸೇರಿಸಿದಳು. ಅತ್ತಿಗೆಯ ಮಾತೇ, ಇಂಗ್ಲಿಷಿನಲ್ಲಿ.

ಹನ್ನೆರಡು ವರ್ಷಕ್ಕೆ ಸಿಕ್ಕ ಅಕ್ಕಿ ಕಸದ ಬುಟ್ಟಿಗೆ? ಆಗದ ಮಾತು. ಹಾಗೆಂದು ಇಷ್ಟು ದೂರ ಬಂದು ಹಡಗಿನಲ್ಲೇ ಕೂರುವವಳೂ ನಾನಲ್ಲ. ಅವಳ ಅಂಗೈಯಿಂದ ಅಷ್ಟನ್ನೂ ಬಳಿದುಕೊಂಡು ಬಾಯಿಗೆ ಹಾಕಿಕೊಂಡೆ. ಕಟಕಟ ಅಗಿದೆ. ಹಿಂದೆ ಸಾಲಿನಲ್ಲಿದ್ದವರು ನನ್ನ ಕ್ಲಾಸಿನ ಮಕ್ಕಳಿಗಿಂತ ಶಿಸ್ತಾಗಿ ಕಾದರು. ನುಂಗಿ, ಬಾಯಿ ಅಗಲಿಸಿ ತೋರಿಸಿದೆ. ಅವಳು ಜೇಬಿನ ಮೂಲೆಯನ್ನೆಲ್ಲ ವ್ಯಾಕ್ಯೂಮಿನಿಂದ ಎಳೆದು, ದಾರಿ ಬಿಟ್ಟಳು. ಅರಿಶಿನದ ಬಾಯಲ್ಲೇ ಹಿಮದ ಮೇಲೆ ಕಾಲಿಟ್ಟೆ.

ಸಂಜೆ ಹಡಗಿನಿಂದ ಫೋನ್ ಮಾಡಿದರೆ ಅತ್ತಿಗೆಯ ಮೊದಲ ಪ್ರಶ್ನೆ, "ಅಕ್ಕಿ ಏನ್ ಮಾಡ್ದೆ?"

"ತಿಂದ್ಬುಟ್ಟೆ."

"ಅಸೀದಾ? ಅಯ್ಯೋ, ಅಸಿ ಅಕ್ಕಿ ತಿಂದ್ರೆ ಮದ್ವೇಲಿ ಮಳೆ ಬತ್ತದಂತೆ ಕಣವ್ವ!"

ಇಂಥದ್ದನ್ನೆಲ್ಲ ನಂಬಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೆತ್ತ ಹಿಡಿದು ಹೇಳಿದವಳು ನಾನು.

"ಬರ್ಲಿ ಬುಡಿ ಅತ್ಗೆ," ಎಂದೆ, "ಜಾಕೆಟ್ ಅದೆ."