ಬಾಯಲ್ಲಿ ಇಟ್ಟುಕೊಂಡ ಲವಂಗ

ನನಗೊಂದು ಕಾಯಿಲೆ ಇದೆ. ಮೆಡಿಕಲ್ ಕಾಲೇಜಿನ ಮೇಷ್ಟ್ರಾಗಿದ್ದೂ ಅದಕ್ಕೆ ಮದ್ದು ಕಂಡುಕೊಂಡಿಲ್ಲ. ಯಾರಾದರೂ ಉತ್ತರಕ್ಕೆ ತಡಕಾಡುವುದನ್ನು ಕಂಡರೆ ನಾಲಗೆ ತಡೆಯುವುದಿಲ್ಲ. ನೆಲಮಂಗಲದ ಬಸ್ಸಿನಲ್ಲಿ ಪಕ್ಕದವರ ಪದಬಂಧಕ್ಕೆ ಉತ್ತರ ಹೇಳಿ ಬೈಸಿಕೊಂಡಿದ್ದೇನೆ.

ಇಂಥವನಿಗೆ ಹೊಸಕೋಟೆ ಹತ್ತಿರದ ನಮ್ಮ ಕಾಲೇಜಿನವರು ಪಾಠ ಮಾಡದೆ ಕಲಿಸುವ ಕೆಲಸ ಕೊಟ್ಟರು. ಎಂಟು ಜನ ವಿದ್ಯಾರ್ಥಿಗಳ ಕೈಗೆ ಒಬ್ಬ ರೋಗಿಯ ವಿವರವಿರುವ ಹಾಳೆ ಬರುತ್ತದೆ. ಅವರವರೇ ಚರ್ಚಿಸಿ ಏನಾಗಿದೆ ಎಂದು ಕಂಡುಹಿಡಿಯಬೇಕು. ಚರ್ಚೆ ಹಳಿ ತಪ್ಪಿದರೆ ಮೇಷ್ಟ್ರು ಒಂದು ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ. ಮೊದಲ ಮೂರು ವಾರ ನಾನೇ ರೋಗ ಹೇಳಿದೆ, ನಾನೇ ಔಷಧಿಯನ್ನೂ ಬರೆದೆ. ನನ್ನ ಪಕ್ಕ ಕೂರುತ್ತಿದ್ದ ದೊಡ್ಡಬೆಳವಂಗಲದ ರೂಪಾ "ಸಾರ್, ಅದೂ..." ಎಂದು ಶುರು ಮಾಡಿದಾಗಲೆಲ್ಲ ಅವಳ ವಾಕ್ಯವನ್ನು ನಾನೇ ಮುಗಿಸುತ್ತಿದ್ದೆ. ಆಮೇಲೆ ಅವಳು ಶುರು ಮಾಡುವುದನ್ನೇ ಬಿಟ್ಟಳು. ನಾಲ್ಕನೇ ವಾರವೂ ಬಾಯಿ ಬಿಡದಿದ್ದರೆ ಚರ್ಚೆಯ ಅಂಕದಲ್ಲಿ ಅವಳಿಗೆ ಸೊನ್ನೆ ಹಾಕಬೇಕಿತ್ತು. ತಪ್ಪು ನನ್ನದು, ಸೊನ್ನೆ ಅವಳಿಗೆ. ನಿಜವಾಗಿಯೂ ನಾಚಿಕೆಯಾಯಿತು.

ಮನೆಯಲ್ಲಿ ಹೇಳಿಕೊಂಡಾಗ ಹೆಂಡತಿ ಲವಂಗದ ಡಬ್ಬಿ ಕೊಟ್ಟಳು. "ಮಾತು ಬಂದಾಗ ಒಂದು ಬಾಯಿಗೆ ಹಾಕ್ಕೊಳ್ಳಿ" ಎಂದಳು.

ಆ ವಾರದ ರೋಗಿ ದ್ರಾಕ್ಷಿ ತೋಟದ ಆಳು. ವಾಂತಿ, ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು. ಮನೋಜ ಎಂಬ ಹುಡುಗ "ಫುಡ್ ಪಾಯ್ಸನ್ ಗುರು, ಮದುವೆ ಊಟ ಜಡ್ದಿರ್ತಾನೆ" ಎಂದ. ನಾನು ಅಗಿಯುತ್ತಿದ್ದ ಲವಂಗವನ್ನು ಕಚ್ಚಿ ಹಿಡಿದು ಕುಳಿತೆ. ಎದುರಿಗಿದ್ದವರೆಲ್ಲ ನನ್ನನ್ನೇ ನೋಡಿ, ಅದೇಕೋ ಆ ಮಾತನ್ನು ಕೈಬಿಟ್ಟರು.

ಆಗ ರೂಪಾ, "ಸಾರ್, ಅದೂ..." ಎಂದು ನಿಲ್ಲಿಸಿದಳು. ನನ್ನ ಬಾಯಿ ಉರಿಯುತ್ತಿತ್ತು, ಕಣ್ಣಲ್ಲಿ ನೀರು. ತಡೆದೆ.

"ನಮ್ಮಪ್ಪಂಗೂ ಒಂದ್ಸಲ ಹಿಂಗೇ ಆಗಿತ್ತು. ಕೀಟನಾಶಕ ಹೊಡ್ದು, ಅದೇ ಅಂಗೀಲಿ ಊಟಕ್ಕೆ ಕೂತ್ಬಿಟ್ಟಿದ್ರು. ಇವನ ಬಟ್ಟೆ ಯಾರಾದ್ರೂ ಬಿಚ್ಚಿಸಿ ಮೈ ತೊಳೆದ್ರಾ?"

ಮೇಷ್ಟ್ರಿಗೆಂದೇ ಕೊಟ್ಟ ಉತ್ತರದ ಹಾಳೆಯಲ್ಲಿ ಕೀಟನಾಶಕ ಇತ್ತು, ಅಂಗಿಯ ಮಾತು ಇರಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಅದು ಮೊದಲು ಹೊಳೆದಿರಲಿಲ್ಲ. ಅವಳಿಗೆ ಪೂರ್ತಿ ಅಂಕ ಹಾಕಿದೆ.

ಕೊನೆಯಲ್ಲಿ ವಿದ್ಯಾರ್ಥಿಗಳು ಬರೆದುಕೊಟ್ಟ ಅಭಿಪ್ರಾಯದ ಚೀಟಿಗಳನ್ನು ಜಂಬದಿಂದ ಬಿಡಿಸಿದೆ. ಮನೋಜನ ಚೀಟಿ: "ಸಾರ್ ಮಾತಾಡಲಿಲ್ಲ, ಬಹಳ ಸಂತೋಷ. ನಾವು ತಪ್ಪು ಹೇಳಿದರೆ ಅಗಿಯುವುದನ್ನು ನಿಲ್ಲಿಸುತ್ತಾರೆ, ಸರಿ ಹೇಳಿದರೆ ಜೋರಾಗಿ ಅಗಿಯುತ್ತಾರೆ. ದಯವಿಟ್ಟು ಮುಂದಿನ ವಾರವೂ ಲವಂಗ ತರಲಿ." ಪಕ್ಕದಲ್ಲಿ ಕೂತು ನನ್ನ ಮುಖವೇ ಕಾಣದ ರೂಪಾ ಒಬ್ಬಳೇ ಸ್ವಂತ ತಲೆ ಓಡಿಸಿದ್ದಳು.

ಸಂಜೆ ಮನೆಗೆ ಬಂದವನೇ, ಸುಮ್ಮನಿದ್ದು ಕಲಿಸುವುದು ಹೇಗೆ ಎಂದು ಹೆಂಡತಿಗೆ ಮುಕ್ಕಾಲು ಗಂಟೆ ವಿವರಿಸಿದೆ. ಅವಳು ನಡುವೆ ಎರಡು ಸಲ "ರೀ, ಅದೂ..." ಎಂದಳು. ಮೂರನೇ ಸಲ ಎದ್ದು ಹೋಗಿ ಲವಂಗದ ಡಬ್ಬಿ ತಂದು ನನ್ನ ಮುಂದಿಟ್ಟಳು.