ತುಟ್ಟಿ ಗರಗಸವೂ ಪಂಚಮಿ ಜೋಕಾಲಿಯೂ

ಹೊಲಿಗೆ ಮಷಿನ್ ಬಲ್ಲವಳಿಗೆ ಲೋಕದ ಬೇರೆ ಯಾವ ಮಷಿನ್ನೂ ಕಷ್ಟವಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಗಜೇಂದ್ರಗಡದ ನಮ್ಮ ಓಣಿಯ ಅರ್ಧಕ್ಕರ್ಧ ಹೆಂಗಸರು ತೊಡುವ ಜಂಪರು ನಾನು ಹೊಲಿದದ್ದೇ. ಚಕ್ರ ತಿರುಗಬೇಕು, ಸೂಜಿ ಇಳಿಯಬೇಕು, ಸಾಕೆನಿಸಿದಾಗ ಕಾಲು ಎತ್ತಬೇಕು. ಯಂತ್ರವಿದ್ಯೆ ಎಂದರೆ ಇಷ್ಟೇ ತಾನೆ? ಹೋದ ಶ್ರಾವಣದವರೆಗೆ ಈ ನಂಬಿಕೆಗೆ ಯಾವ ಧಕ್ಕೆಯೂ ಆಗಿರಲಿಲ್ಲ.

ನಮ್ಮ ಹಿತ್ತಲಲ್ಲಿ ಒಂದು ಬೇವಿನ ಗಿಡ. ಅದರ ಟೊಂಗೆಯೊಂದು ಯಾರೋ ತೋಳು ಚಾಚಿ ನಿಂತಂತೆ ನೆಲಕ್ಕೆ ಸಮನಾಗಿ ಬೆಳೆದಿತ್ತು. ಪಂಚಮಿ ಬಂದರೆ ಓಣಿಯ ಹೆಂಗಸರ ಜೋಕಾಲಿ ಕಟ್ಟುವುದು ಆ ಟೊಂಗೆಗೇ. ಅದರಲ್ಲಿ ಕುಳಿತು ಜೀಕಿದರೆ ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನುಗಳು ನಮ್ಮ ಜೊತೆಗೇ ಏರಿ ಇಳಿಯುತ್ತವೆ. ಇನ್ನೊಂದು ಜೀಕಿಗೆ ಶ್ರಾವಣದ ಒದ್ದೆ ಮುಗಿಲು ಹಣೆಗೆ ತಾಗುತ್ತದೆಯೋ ಏನೋ ಅನಿಸುತ್ತದೆ. ನನಗೆ ವಯಸ್ಸಾಗಿದೆ, ಮಂಡಿ ನೋವಿದೆ, ಬಾಕಿ ಉಳಿದ ಜಂಪರುಗಳಿವೆ. ಜೋಕಾಲಿಗೆ ಇದ್ಯಾವುದೂ ಗೊತ್ತಿಲ್ಲ.

ಪಕ್ಕದ ಮನೆಯ ನೀಲವ್ವ ಓಣಿಗೆಲ್ಲ ಹಿರಿಯಳು. ನಾನು ಅತ್ತಿ ಎಂದೇ ಕರೆಯುವುದು. ಹಬ್ಬ ಹತ್ತಿರ ಬಂದಾಗ ಒಂದು ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು.

"ಸರೋಜವ್ವಾ, ಮೊಮ್ಮಗಳು ರೇಣುಕಾ ಮುಶಿಗೇರಿಯಿಂದ ಬರಾಕತ್ತಾಳ. ಲಗ್ನ ಆದಮ್ಯಾಲ ಮೊದಲ್ನೇ ಪಂಚಮಿ. ಫೋನ್‌ನ್ಯಾಗ ಸೀರಿ ಕೇಳಲಿಲ್ಲ, ಉಂಡಿ ಕೇಳಲಿಲ್ಲ. ಜೋಕಾಲಿ ಕಟ್ಟೀರೇನ ಅಂದ್ಲು ನೋಡು."

"ಕಟ್ಟೂದಷ್ಟ ಅಲ್ಲ ಅತ್ತಿ. ಕುಂದ್ರಾಕ ಹೊಸಾ ಮಣಿ ಮಾಡ್ತೀನಿ. ಟೊಂಗಿ ಸುತ್ತ ಬೆಳದ ಕಡ್ಡಿ ಎಲ್ಲಾ ನಾನ ಸವರ್ತೀನಿ."

"ನೀನ?" ಎಂದರು ಒಳಗಿನಿಂದ ನಮ್ಮ ಮನೆಯವರು. ಅವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಲೋಕದಲ್ಲಿ ಏನೇ ತಡವಾದರೂ ಗಾಬರಿಯಾಗದ ಜನ. "ಪ್ರತಿ ವರ್ಷ ಕೊಡ್ಲಿ ತಗೊಂಡ್ ಬರೋ ಮನಷ್ಯಾ ಅದಾನಲ್ಲ. ಅವನ್ನ ಕರದ್ರ ಚಹಾ ಕುಡಿಯೂದ್ರಾಗ ಸವರಿ ಹೋಗ್ತಾನ."

ಅವರಿಗೇನು ಗೊತ್ತು? ನಾನು ಜಂಪರಿಗೆ ಹುಕ್ಕು ಹಚ್ಚುತ್ತ ಹಚ್ಚುತ್ತ ಫೋನಿನಲ್ಲಿ ಎಷ್ಟೋ ವಿಡಿಯೋ ನೋಡಿದ್ದೆ. ಅಗ್ಗದ ಡ್ರಿಲ್ ಮಷಿನ್ನು ಒಂದು ಕಡೆ, ತುಟ್ಟಿಯದು ಒಂದು ಕಡೆ. ಅಗ್ಗದ ಗರಗಸ, ತುಟ್ಟಿ ಗರಗಸ. ಕೈಗವಸು ಹಾಕಿಕೊಂಡ ಒಬ್ಬ ಸಮಾಧಾನದ ಮನುಷ್ಯ ಎರಡನ್ನೂ ಓಡಿಸುತ್ತಾನೆ, ಕಟ್ಟಿಗೆಯ ಪುಡಿ ಸಣ್ಣ ರವೆಯ ಹಾಗೆ ಮೌನವಾಗಿ ಉದುರುತ್ತದೆ. ಅದನ್ನು ನೋಡುತ್ತಿದ್ದರೆ ಸೂಜಿ ಬೆರಳಿಗೆ ಚುಚ್ಚಿದ್ದೂ ತಿಳಿಯುತ್ತಿರಲಿಲ್ಲ. ಕಣ್ಣು ತೆರೆದುಕೊಂಡೇ ಕನಸು ಕಾಣುವುದು ನನಗೆ ಹುಟ್ಟಿನಿಂದ ಬಂದ ಗುಣ. ಈ ವಿಡಿಯೋಗಳಿಂದ ಅದು ಇನ್ನಷ್ಟು ಬೆಳೆಯಿತು.

ರೋಣಕ್ಕೆ ಬಟ್ಟೆ ತರಲು ಹೋದಾಗ ಒಂದು ಅಂಗಡಿಯ ಮುಂದೆ ಕೇಸರಿ ಬಣ್ಣದ ಪೆಟ್ಟಿಗೆ ಕಂಡಿತು. ಡ್ರಿಲ್ಲೂ ಬ್ಯಾಟರಿ ಗರಗಸವೂ ಅದರಲ್ಲೇ ಇದ್ದವು.

"ದೊಡ್ಡ ಕಂಪನಿದೂ ಇದೂ ಎರಡೂ ಒಂದ ಅಕ್ಕಾರ. ಹೆಸರಷ್ಟ ಬ್ಯಾರೆ" ಎಂದ ಅಂಗಡಿಯವ.

ಎರಡೂ ಒಂದೇ ಆದಮೇಲೆ ಹೆಸರಿಗೆ ಯಾರು ದುಡ್ಡು ಕೊಡುತ್ತಾರೆ? ಪೆಟ್ಟಿಗೆಯನ್ನು ಮನೆಗೆ ತಂದುಬಿಟ್ಟೆ.

ಮೊದಲು ಮಣೆ. ಹಳೆಯ ಬಾಗಿಲಿನ ಸಾಗವಾನಿ ಹಲಗೆಯೊಂದು ಅಟ್ಟದಲ್ಲಿತ್ತು. ನಾಲ್ಕು ಮೂಲೆಗೆ ನಾಲ್ಕು ತೂತು ಬೇಕು. ಡ್ರಿಲ್ ಒತ್ತಿದೆ. ಒದರಿತು ನೋಡಿ, ಜನ ತುಂಬಿದ ಟಂಟಂ ರಿಕ್ಷಾ ಗುಡ್ಡ ಏರುವಾಗ ಒದರುವ ಹಾಗೆ. ನನ್ನ ಕೈ ನಡುಗಿತು, ಕೈಯ ಜೊತೆ ಹಲ್ಲು ನಡುಗಿದವು. ಓಣಿಯ ನಾಯಿಗಳು ಬಂದು ನೋಡಿ ಹೋದವು. ಬಹಳ ಹೊತ್ತಾದ ಮೇಲೆ ತೆಗೆದು ನೋಡಿದರೆ ಹಲಗೆಯ ಮೇಲೆ ಒಂದು ಕುಂಕುಮದ ಬೊಟ್ಟಿನಷ್ಟು ತಗ್ಗು ಬಿದ್ದಿತ್ತು. ತೂತು ಕೊರೆಯುವ ಕಡ್ಡಿ ಬಾಗಿ ಬೇರೆ ದಿಕ್ಕು ನೋಡುತ್ತಿತ್ತು. ಮಷಿನ್ನು ಕೆಂಡವಾಗಿತ್ತು.

ನಮ್ಮ ಮನೆಯವರು ಅದರ ಮೇಲೆ ಕೈ ಹಿಡಿದು ನೋಡಿದರು. "ಚಲೋ ಕಾದೈತಿ. ಎರಡ ರೊಟ್ಟಿ ಬಡದು ಹಾಕು."

ಗರಗಸದ ಕಥೆಯೂ ಅಷ್ಟೇ. ಚಾರ್ಜ್ ಆಗಲು ಮುಂಜಾನೆಯಿಂದ ಊಟದ ಹೊತ್ತಿನ ತನಕ ಬೇಕು. ಖಾಲಿಯಾಗಲು ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಸಾಕು. ಅದರ ಹಲ್ಲಿನ ಸರಪಳಿ ಎರಡು ಸುತ್ತು ಸುತ್ತಿ ಜಾರಿ ಕೆಳಗೆ ಬೀಳುತ್ತಿತ್ತು. ನಾನು ಏಣಿ ಇಳಿದು ಅದನ್ನು ಹಾಕಿ ಮತ್ತೆ ಹತ್ತುತ್ತಿದ್ದೆ. ಟೊಂಗೆಯ ತುದಿಯಲ್ಲಿ ಕುಳಿತಿದ್ದ ಕಾಗೆ ಎದ್ದು ಹೋಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಈಗ ಯೋಚಿಸಿದರೆ ಆ ಬಡ ಗರಗಸ ನನಗೆ ಎಷ್ಟು ಉಪಕಾರ ಮಾಡುತ್ತಿತ್ತು ಎಂದು ತಿಳಿಯುತ್ತದೆ. ಆಗ ತಿಳಿಯಲಿಲ್ಲ. ನನ್ನ ತಂಗಿ ಶಕುಂತಲೆಗೆ ಫೋನು ಮಾಡಿದೆ. ಅವಳನ್ನು ಕೊಟ್ಟದ್ದು ನರಗುಂದಕ್ಕೆ. ಗಂಡ ಮನೆ ಕಟ್ಟಿಸುವ ಗುತ್ತಿಗೆದಾರ. ಅವರಲ್ಲಿ ತುಟ್ಟಿ ಮಷಿನ್‌ಗಳಿದ್ದವು.

ನರಗುಂದಕ್ಕೆ ಹೋದೆ. ತಂಗಿ ಪೆಟ್ಟಿಗೆ ತೆರೆದಳು. ಒಳಗೆ ಮೆತ್ತನೆಯ ಹಾಸು, ಪ್ರತಿಯೊಂದಕ್ಕೂ ಅದರದ್ದೇ ಆಕಾರದ ಗುಣಿ. ಮಷಿನ್‌ಗಳು ಹಾಲು ಕುಡಿದ ಕೂಸುಗಳಂತೆ ಮಲಗಿದ್ದವು. ಡ್ರಿಲ್ಲಿನ ಗುಂಡಿ ಒತ್ತಿದೆ. ದೂರದ ಹೊಲದಲ್ಲಿ ಜೇನು ಹಾರಿದ ಹಾಗೆ ಒಂದು ಗುಂಯ್. ಕೈಗೆ ಏನೂ ತಿಳಿಯಲಿಲ್ಲ.

"ಅಕ್ಕಾ, ಇದು ನಿನ್ನ ರೋಣದ್ದರ ಹಂಗ ಅಲ್ಲ" ಎಂದಳು ಶಕುಂತಲೆ. "ನೀ ಒತ್ತೂದ ಬ್ಯಾಡ, ಮುಟ್ಟಿಸಿದ್ರ ಸಾಕು. ಮುಟ್ಟಿಸಿದ ಮ್ಯಾಲ ಬ್ಯಾರೆ ಕಡೆ ನೋಡಬ್ಯಾಡ."

"ಹೊಲಿಗಿ ಮಷಿನ್ ನಡಸೂ ಕೈ ಇದು, ಶಕ್ಕೂ."

"ಅದಕ್ಕ ಹೇಳಾಕತ್ತೀನಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಹೊರಗೆ ಜಿಟಿಜಿಟಿ ಮಳೆ. ಹೆಸರಿನ ಹೊಲಗಳು ಹಸಿರಾಗಿ, ಒದ್ದೆಯಾಗಿ, ಕಿಟಕಿಯ ಗಾಜಿನಲ್ಲಿ ಕರಗಿ ಹರಿಯುತ್ತಿದ್ದವು. ಆ ಹಸಿರಿನ ಮೇಲೆ ನನ್ನ ಜೋಕಾಲಿ ಹೋಗುತ್ತಿತ್ತು, ಬರುತ್ತಿತ್ತು. ಗಜೇಂದ್ರಗಡ ಬಂದದ್ದು ಕಂಡಕ್ಟರ್ ಹೇಳಿದ ಮೇಲೇ ಗೊತ್ತಾಯಿತು.

ಮರುದಿನ ಹಲಗೆಯನ್ನು ಪಡಸಾಲೆಯ ಮಂಚದ ಮೇಲಿಟ್ಟು, ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಕಡ್ಡಿ ಆರಿಸಿ ಮುಟ್ಟಿಸಿದೆ. ಅಬ್ಬ, ಏನು ಸುಖ. ಬೆಣ್ಣೆಯ ಮುದ್ದೆಗೆ ಬೆರಳು ಇಟ್ಟಂತೆ ಇಳಿಯಿತು. ಒಂದು, ಎರಡು, ಮೂರು, ನಾಲ್ಕು. ಹಾಡು ಗುನುಗುತ್ತ ಮುಗಿಸಿದೆ. ಹಲಗೆ ಎತ್ತಿದಾಗ ಮಂಚದಲ್ಲೂ ನಾಲ್ಕು ತೂತುಗಳಿದ್ದವು. ಅವುಗಳಿಂದ ನೆಲ ಕಾಣುತ್ತಿತ್ತು.

ಅದು ನಮ್ಮ ಮನೆಯವರು ಮಧ್ಯಾಹ್ನ ಅಡ್ಡಾಗುವ ಮಂಚ. ಅವರು ಬಗ್ಗಿ ಒಂದು ತೂತಿನಿಂದ ಕೆಳಗೆ ನೋಡಿದರು. "ಇರಲಿ ಬಿಡು. ಬ್ಯಾಸಗ್ಯಾಗ ಗಾಳಿ ಆಡ್ತೈತಿ."

ಇಷ್ಟಾದ ಮೇಲಾದರೂ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇದು ಮಂಚದ ದೋಷ, ಅದು ಹಲಗೆಗೆ ತೀರಾ ಹತ್ತಿರ ಬಂದಿತ್ತು ಎಂದು ತೀರ್ಮಾನಿಸಿದೆ.

ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಮಳೆ ಬಿಡುವು ಕೊಟ್ಟಿತು. ನಮ್ಮ ಮನೆಯವರು ಏಣಿ ಹಿಡಿದು ನಿಂತರು. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿ, ತುಟ್ಟಿ ಗರಗಸ ಹಿಡಿದು ಹತ್ತಿದೆ. ಮುಟ್ಟಿಸಿದರೆ ಸಾಕು, ಕಡ್ಡಿಗಳು ತಾವೇ ಬಿಟ್ಟುಕೊಂಡು ಹೋಗುತ್ತಿದ್ದವು. ಕಾಗೆ ಈ ಸಲ ಮೊದಲೇ ಹಾರಿತು. ಬೇವಿನ ಪುಡಿಯ ಕಹಿ ವಾಸನೆ, ಎಳೆ ಬಿಸಿಲು, ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ. ಮುಂದೆ ನನ್ನ ಟೊಂಗೆ ಚಾಚಿಕೊಂಡಿತ್ತು. ಅದಕ್ಕೆ ಹಗ್ಗ ಇಳಿಬಿದ್ದದ್ದು ಕಂಡೆ. ರೇಣುಕಾ ಹಸಿರು ಇಳಕಲ್ ಸೀರೆಯುಟ್ಟು ಜೀಕುತ್ತಿದ್ದದ್ದು ಕಂಡೆ. ಅವಳ ಬಳೆಯ ಸಪ್ಪಳವೂ ಕೇಳಿಸಿತು. ಆಮೇಲೆ ಅವಳಿಲ್ಲ, ನಾನೇ ಇದ್ದೆ. ಮುಂದೆ ಹೋದೆ, ಹಿಂದೆ ಬಂದೆ. ಗುಡ್ಡ ಹತ್ತಿರ ಬಂತು, ದೂರ ಹೋಯಿತು. ಗರಗಸದ ಗುಂಯ್ ಎಲ್ಲಿಂದಲೋ ಜೋಗುಳದ ಹಾಗೆ ಬರುತ್ತಿತ್ತು.

"ಸರೋಜಾ, ಟೊಂಗಿ" ಎಂದರು ಕೆಳಗಿನಿಂದ.

"ಹೂಂ" ಎಂದೆ.

"ಸರೋಜಾ, ಜೋಕಾಲಿ ಟೊಂಗಿ. ನಿಲ್ಲಸು."

ಕೂಡಲೇ ನಿಲ್ಲಿಸಿದೆ. ಅಂದರೆ, ಬಲಗಾಲು ಎತ್ತಿದೆ. ಇಷ್ಟು ವರ್ಷ ಮಷಿನ್ ನಿಲ್ಲಿಸಿದ್ದು ಹಾಗೆಯೇ. ಗರಗಸ ನಿಲ್ಲಲಿಲ್ಲ. ಕಾಲನ್ನು ಇನ್ನಷ್ಟು ಮೇಲೆತ್ತಿದೆ. ಏಣಿಯ ಮೇಲೆ ಒಂಟಿಕಾಲಿನಲ್ಲಿ ನಿಂತವಳ ಕೈ ಸಹಜವಾಗಿ ಬಿಗಿಯಾಗುತ್ತದೆ. ಗುಂಡಿ ಮತ್ತಷ್ಟು ಒತ್ತಿಕೊಂಡಿತು. ತುಟ್ಟಿ ಮಷಿನ್ನು ತನ್ನ ಬೆಲೆಗೆ ತಕ್ಕಂತೆ ನಡೆದುಕೊಂಡಿತು.

ಟೊಂಗೆ ದಡಕ್ಕನೆ ಬೀಳಲಿಲ್ಲ. ಮೊದಲು ಸ್ವಲ್ಪ ಬಾಗಿ, ಯೋಚಿಸಿದಂತೆ ನಿಂತು, ಆಮೇಲೆ ಎಲೆಗಳೆಲ್ಲ ಒಮ್ಮೆಲೇ ಉಸಿರು ಬಿಟ್ಟಂಥ ಸದ್ದಿನೊಂದಿಗೆ ಮೆಲ್ಲಗೆ ಮಲಗಿತು. ನಮ್ಮ ಮನೆಯವರು ನನ್ನ ಎತ್ತಿದ ಕಾಲನ್ನು ಹಿಡಿದು ಏಣಿಯ ಮೇಲೆ ವಾಪಸು ಇಟ್ಟರು.

ನಾನು ಇಳಿದು ನಿಂತಿದ್ದಾಗಲೇ ನೀಲವ್ವ ರೊಟ್ಟಿ, ಪುಂಡಿಪಲ್ಯ ತುಂಬಿದ ತಾಟು ಹಿಡಿದು ಹಿತ್ತಲಿಗೆ ಬಂದಳು. ರೊಟ್ಟಿ ಹಬ್ಬಕ್ಕೆ ಮನೆಯಿಂದ ಮನೆಗೆ ಹಂಚುವ ರೊಟ್ಟಿ. ನೆಲದ ಮೇಲಿನ ಟೊಂಗೆ ನೋಡಿದಳು. ಗಿಡ ನೋಡಿದಳು. ನನ್ನನ್ನು ನೋಡಿದಳು.

"ಕೊಯ್ದದ್ದು ಮಾತ್ರ ಭಾಳ ನುಣ್ಣಗ ಬಂದೈತ್ರಿ" ಎಂದರು ನಮ್ಮ ಮನೆಯವರು, ನನ್ನ ಪರವಾಗಿ.

ನೀಲವ್ವ ಬೈದಿದ್ದರೆ ಚೆನ್ನಾಗಿತ್ತು. ತಾಟನ್ನು ಟೊಂಗೆಯ ಮೇಲಿಟ್ಟು, ಕೊಯ್ದ ಜಾಗದ ಮೇಲೆ ಒಮ್ಮೆ ಅಂಗೈ ಆಡಿಸಿದಳು. "ನಮ್ಮತ್ತಿ ಇದಕ್ಕ ಜೋಕಾಲಿ ಆಡಿದ್ಲವ್ವ" ಎಂದಷ್ಟೇ ಹೇಳಿ ಹೋದಳು. ತುಟ್ಟಿ ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಬಟ್ಟೆ ಹೊದಿಸಿಟ್ಟೆ. ಅದರ ತಪ್ಪೇನೂ ಇರಲಿಲ್ಲ ಎಂಬುದೇ ದೊಡ್ಡ ಸಂಕಟವಾಗಿತ್ತು.

ಪಂಚಮಿಯ ಮುಂಜಾನೆ ರೇಣುಕಾ ಬಂದಳು. ಚಪ್ಪಲಿ ಕೂಡ ಬಿಡದೆ ನೇರ ನಮ್ಮ ಹಿತ್ತಲಿಗೇ ಬಂದಳು. ಮುಖ ಮೇಲೆತ್ತಿ ಟೊಂಗೆ ಇದ್ದ ಜಾಗವನ್ನು ಬಹಳ ಹೊತ್ತು ನೋಡಿದಳು.

"ಮುಗಿಲು ಭಾಳ ಕಾಣಾಕತ್ತೈತಲ್ಲ" ಎಂದಳು. ಮಾತು ಮುಗಿಯುವಷ್ಟರಲ್ಲಿ ಕಣ್ಣು ತುಂಬಿದವು. ಹೊಸ ಸೀರೆಯ ಸೆರಗಿನಿಂದ ಒರೆಸಿಕೊಂಡಳು. ಅದರ ಜಂಪರು ನಾನೇ ಹೊಲಿದದ್ದು. ನನಗೂ ಅಳು ಬಂತು. ಓಣಿಯ ಹೆಂಗಸರು ಉಂಡಿಯ ಡಬ್ಬಿ ಹಿಡಿದು ಒಬ್ಬೊಬ್ಬರಾಗಿ ಬಂದು, ಏನು ಮಾಡಬೇಕೆಂದು ತಿಳಿಯದೆ ಸುತ್ತ ನಿಂತರು.

ಕೊನೆಗೆ ನೀಲವ್ವ ಮಾತಾಡಿದಳು. "ನನ್ನ ತವರಮನಿ ರಾಜೂರ ಎಷ್ಟ ದೂರ ಐತಿ? ಹೊಲದಾಗ ಹುಣಸಿ ಗಿಡ ಐತಿ. ಅದಕ್ಕ ಇನ್ನೂ ಸರೋಜವ್ವನ ಕೈ ತಾಗಿಲ್ಲ. ನಡೀರಿ ಎಲ್ಲಾರೂ."

ನಮ್ಮ ಮನೆಯವರಿಗೆ ಹಳೆಯ ಹುದ್ದೆ ಮರಳಿ ಬಂದಂತಾಯಿತು. ಓಡಿಹೋಗಿ ಟಂಟಂ ತಂದು, ಹೆಂಗಸರನ್ನು ಸಾಲಾಗಿ ಹತ್ತಿಸಿ, ಹಗ್ಗ, ಮಣೆ, ಉಂಡಿಯ ಡಬ್ಬಿ ಎಲ್ಲ ಬಂತೇ ಎಂದು ಕೇಳಿ, "ರಾಜೂರ, ರಾಜೂರ, ಬಿಡ್ರಿ ಗಾಡಿ" ಎಂದು ಕೈಬೀಸಿದರು. ರೇಣುಕಾ ಅಳುತ್ತಲೇ ನಕ್ಕಳು.

ಹುಣಸಿ ಗಿಡಕ್ಕೆ ಹಗ್ಗ ಹಾಕಿದೆವು. ನನ್ನ ಸಾಗವಾನಿ ಮಣೆಗೆ ಹಗ್ಗ ಪೋಣಿಸಿ ಗಂಟು ಹಾಕಿ ಎಳೆದರೆ, ಗಂಟು ತೂತಿನಿಂದ ಸಲೀಸಾಗಿ ಆಚೆ ಬಂತು. ಇನ್ನೂ ದೊಡ್ಡ ಗಂಟು ಹಾಕಿದೆವು. ಅದೂ ಬಂತು. ಅಷ್ಟು ದುಂಡನೆಯ, ಅಷ್ಟು ನುಣುಪಾದ, ಅಷ್ಟು ವಿಶಾಲವಾದ ತೂತುಗಳು! ನೀಲವ್ವ ಮಣೆಯನ್ನು ಪಕ್ಕಕ್ಕಿಟ್ಟು, ತಾನು ಕೂರಲು ತಂದಿದ್ದ ಕೌದಿಯನ್ನು ಮಡಚಿ ಹಗ್ಗದ ಮೇಲೆ ಹಾಸಿದಳು. ಮಣೆಯ ಮೇಲೆ ಉಂಡಿ ಇಟ್ಟರು. ಒಂದು ಶೇಂಗಾ ಉಂಡಿ ತೂತಿನಿಂದ ಕೆಳಗೆ ಬಿತ್ತು.

ಆದರೆ ರೇಣುಕಾ ಜೀಕಿದಳು. ಎಷ್ಟು ಎತ್ತರ ಜೀಕಿದಳೆಂದರೆ ಹುಣಸಿಯ ಎಲೆಗಳು ಅವಳ ತಲೆಯ ಮೇಲೆ ಉದುರಿದವು. ಅವಳು ಕೂಗುತ್ತ ನಗುವುದನ್ನು ಕೇಳಿ ನೀಲವ್ವ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು. ಆ ಗುದ್ದಿನಿಂದ ನನ್ನ ಜೀವ ಹಗುರವಾಯಿತು. ಎಲ್ಲರದ್ದೂ ಮುಗಿದ ಮೇಲೆ ಹೊತ್ತಿಳಿಯುವಾಗ ನನ್ನನ್ನು ಕೂರಿಸಿದರು. ಹೆಸರಿನ ಹೊಲ, ಗಾಳಿ, ಬಿಸಿಲು ಮಳೆ ಎರಡೂ ಅಲ್ಲದ ಒಂದು ಬೆಳಕು. ಇಳಿ ಇಳಿ ಎಂದು ಅವರು ಕರೆಯುತ್ತಿದ್ದರೂ ನಾನು ಎಷ್ಟೋ ಹೊತ್ತು ಕೇಳಿಸಿಕೊಳ್ಳಲಿಲ್ಲ.

ಪೆಟ್ಟಿಗೆಯನ್ನು ನಮ್ಮ ಮನೆಯವರೇ ಒಯ್ದು ನರಗುಂದಕ್ಕೆ ಮುಟ್ಟಿಸಿ ಬಂದರು. ಹಬ್ಬ ಮುಗಿದು ಕೆಲವು ದಿನಗಳಾದ ಮೇಲೆ ಕೆಳಗಿನ ಓಣಿಯವರೊಬ್ಬರು ನಮ್ಮ ಬಾಗಿಲಿಗೆ ಬಂದು, "ಗಿಡ ಕಡಿಯೋ ಅಕ್ಕಾರು ಇದ ಮನ್ಯಾಗ ಇರ್ತಾರೇನ್ರಿ?" ಎಂದು ಕೇಳಿದರು. ಒಳಗಿದ್ದ ನನಗೆ ಮೈ ಜುಮ್ಮೆಂದಿತು. ಊರಲ್ಲಿ ಹೆಸರಾಗಿದೆ. ಕನ್ನಡಿ ನೋಡಿ, ಸೆರಗು ಸರಿಮಾಡಿಕೊಂಡು, ಯಾವ ಮಷಿನ್ನಿನ ಗುಣವೇನು, ದೋಷವೇನು ಎಂದು ಗಂಭೀರವಾಗಿ ತಿಳಿಸಿ ಹೇಳಲು ಹೊರಟೆ.

"ಅದಾಳ್ರಿ, ಕರೀತೀನಿ" ಎನ್ನುತ್ತಿದ್ದರು ನಮ್ಮ ಮನೆಯವರು ಕಟ್ಟೆಯ ಮೇಲಿಂದ. "ಆದ್ರ ಒಂದ್ ಮಾತ ಮೊದಲ ಹೇಳ್ರಿ. ಆ ಗಿಡ ನಿಮಗ ಬೇಕಾದ್ದೋ, ಬ್ಯಾಡಾದ್ದೋ? ಬೇಕಾದ್ದಿದ್ರ ಇಕಿ ಭಾಳ ಚಲೋ ಕಡೀತಾಳ."

ಬಾಗಿಲವರೆಗೆ ಬಂದಿದ್ದವಳು ಅಲ್ಲಿಂದಲೇ ಹಿಂದಕ್ಕೆ ತಿರುಗಿದೆ.