ಎರಡು ನಿಮಿಷ ನಲವತ್ತೊಂದನೆಯ ಸೆಕೆಂಡಿನ ನಗು

ಹೆಂಡತಿ ಮನೆಯಲ್ಲಿಲ್ಲ ಎಂಬ ಸಂಗತಿ ಕೋಶಪ್ಪನವರ ಗಮನಕ್ಕೆ ಬಂದದ್ದು ಆಕೆ ಹೊರಟುಹೋಗಿ ಆರೂವರೆ ಗಂಟೆಯಾದ ಮೇಲೆ. ಅದೂ ಹೆಂಡತಿಯ ದೆಸೆಯಿಂದ ಅಲ್ಲ, ಕಾಫಿಯ ದೆಸೆಯಿಂದ. ನಾಲ್ಕು ಗಂಟೆಗೆ ಮೇಜಿನ ಬಲತುದಿಗೆ ತಾನಾಗಿಯೇ ಬಂದು ಕೂರುವ ಲೋಟ ಅವತ್ತು ಬರಲಿಲ್ಲ. (ಮೂವತ್ತೇಳು ವರ್ಷದಿಂದ ಅದು ತಾನಾಗಿಯೇ ಬರುತ್ತಿದೆ ಎಂದು ಅವರು ನಂಬಿದ್ದರು.) ಕಣ್ಣು ಕಾಗದದ ಮೇಲಿಟ್ಟುಕೊಂಡೇ ಕೈಚಾಚಿ ತಡಕಾಡಿದರು. ಬೆರಳು ಶಾಯಿ ದೌತಿಯಲ್ಲಿ ಮುಳುಗಿತು. ಆಗ ಹೆಡ್‌ಫೋನ್ ತೆಗೆದು, "ಲೇ, ಇವಳೇ" ಎಂದರು. ಮನೆ ಮಾತಾಡಲಿಲ್ಲ.

ಕೋಶಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ರೈಲು ವೇಳಾಪಟ್ಟಿಯ ಕರಡು ತಿದ್ದಿ ತಿದ್ದಿ ನಿವೃತ್ತರಾದ ಈ ಮನುಷ್ಯ ತನ್ನ ಆಯುಷ್ಯವನ್ನು ಧಾರೆಯೆರೆದದ್ದು ಒಂದು ಮಹಾಗ್ರಂಥಕ್ಕೆ. ಎಂದೋ ಚದುರಿಹೋದ ನಾಲ್ವರು ಉದ್ದಗೂದಲಿನವರ ರಾಕ್ ಬ್ಯಾಂಡೊಂದರ ಸಮಗ್ರ ಗೀತ-ಧ್ವನಿಮುದ್ರಣ ಕೋಶ. ಎಂಟುನೂರ ಹದಿನಾಲ್ಕು ಪುಟ. ಯಾವ ಹಾಡು ಯಾವ ದಿನ ಯಾವ ಕೋಣೆಯಲ್ಲಿ ಮುದ್ರಣವಾಯಿತು, ಎಷ್ಟನೆಯ ಸಲಕ್ಕೆ ಸರಿಬಂತು, ಡ್ರಮ್ ಬಾರಿಸುವವನ ಕುರ್ಚಿ ಎಲ್ಲೆಲ್ಲಿ ಕಿರುಗುಟ್ಟಿತು, ಗಿಟಾರಿನವನಿಗೆ ನೆಗಡಿಯಾಗಿದ್ದ ವಾರದಲ್ಲಿ ಹುಟ್ಟಿದ ಹಾಡುಗಳು ಯಾವುವು, ಎಲ್ಲವೂ ಅದರಲ್ಲಿತ್ತು. ಹಾಡುಗಳಿಗೆ ಹೆಸರಿದ್ದರೂ ಅವರು ನಂಬರಿನಿಂದಲೇ ಕರೆಯುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಗುನುಗಿದರೆ "ಎಂಬತ್ತಾರು, ಎರಡನೆಯ ಚರಣ, ಶ್ರುತಿ ಸ್ವಲ್ಪ ಕೆಳಗಿದೆ" ಎಂದು ಇಲ್ಲಿಂದಲೇ ಷರಾ ಬರೆಯುತ್ತಿದ್ದರು. ಆಕೆ ಗುನುಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅದನ್ನು ಅವರು ನಮೂದಿಸಿಕೊಂಡಿರಲಿಲ್ಲ.

ಇಂಥ ಕೋಶದಲ್ಲಿ ಒಂದೇ ಒಂದು ಕಳಂಕ ಉಳಿದಿತ್ತು. ಹಾಡು ನೂರಾ ಹದಿನೇಳು. ಬ್ಯಾಂಡು ಕೊನೆಯ ಪ್ರವಾಸದಲ್ಲಿ ಇದೇ ಊರಿನ ಸಭಾಂಗಣದಲ್ಲಿ ಹಾಡಿ ಅಲ್ಲೇ ಮುದ್ರಿಸಿಕೊಂಡದ್ದು. ಆಗ ಯುವಕರಾಗಿದ್ದ ಕೋಶಪ್ಪನವರು ಖುದ್ದು ಹಾಜರಿದ್ದ ಏಕೈಕ ಕಛೇರಿ. ಎರಡು ನಿಮಿಷ ನಲವತ್ತೊಂದನೆಯ ಸೆಕೆಂಡಿನಲ್ಲಿ ಎಲ್ಲ ವಾದ್ಯಗಳೂ ಒಮ್ಮೆಲೇ ನಿಲ್ಲುತ್ತವೆ. ನಾಲ್ಕು ಸೆಕೆಂಡು ಮೌನ. ಆ ಮೌನದೊಳಗೆ ಒಬ್ಬ ಹೆಂಗಸು ಗಟ್ಟಿಯಾಗಿ ನಗುತ್ತಾಳೆ. ಆಮೇಲೆ ಡ್ರಮ್ಮು. ಕೋಶದ ಅಡಿಟಿಪ್ಪಣಿ ಹೀಗಿತ್ತು: "ಅಪರಿಚಿತ ಮಹಿಳೆ. ವಯಸ್ಸು ಅಂದಾಜು ಇಪ್ಪತ್ತೆರಡು. ಎಡಗಡೆ ಮೈಕಿಗೆ ಹತ್ತಿರ. ನಗುವಿಗೆ ಕಾರಣ ತಿಳಿದುಬಂದಿಲ್ಲ." ಮೂರನೆಯ ಆವೃತ್ತಿಯಲ್ಲಿ 'ತಿಳಿದುಬಂದಿಲ್ಲ' ಎಂಬ ಮಾತೇ ಇರುವುದಿಲ್ಲವೆಂದು ಅವರು ಪ್ರಕಾಶಕರಿಗೆ ಎದೆತಟ್ಟಿ ಹೇಳಿಬಿಟ್ಟಿದ್ದರು.

ಅದಿರಲಿ, ಈಗ ಕಾಫಿ. ಅಡುಗೆಮನೆ ತೊಳೆದಿಟ್ಟಂತಿತ್ತು. ಆಕೆಯ ಚಪ್ಪಲಿ ಇರಲಿಲ್ಲ, ಅಟ್ಟದ ಮೇಲಿನ ಸೂಟ್‌ಕೇಸು ಇರಲಿಲ್ಲ. ವಿಚಿತ್ರವೆಂದರೆ ಓದುಗರ ಪತ್ರಗಳಿಗೆ ಒತ್ತಲು ಮೇಜಿನ ಮೇಲಿಟ್ಟಿದ್ದ ರಬ್ಬರ್ ಮೊಹರೂ ಇರಲಿಲ್ಲ. ಎಲ್ಲೋ ಕೆಳಗೆ ಉರುಳಿರಬೇಕೆಂದು ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದರು. ಬೆಳಗ್ಗೆ ಆಕೆ ಬಾಗಿಲಲ್ಲಿ ನಿಂತು ಏನೋ ಹೇಳಿದ್ದು ಆಮೇಲೆ ನೆನಪಾಯಿತು. ತಾವು ಹೂಂ ಎಂದದ್ದೂ ನೆನಪಾಯಿತು. ಹೇಳಿದ್ದೇನು ಎಂಬುದು ಮಾತ್ರ ತಲೆಕೆಳಗಾಗಿ ನಿಂತರೂ ನೆನಪಾಗಲಿಲ್ಲ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಕೋಶಪ್ಪನವರಿಗೆ ಏನಾದರೂ ಹೇಳಬೇಕಿದ್ದರೆ ಚೀಟಿ ಬರೆದು ಬಾಗಿಲ ಪಕ್ಕದ ಡಬ್ಬದಲ್ಲಿ ಹಾಕಬೇಕು. ಓದುಗರ ತಿದ್ದುಪಡಿಗೆಂದು ಮಾಡಿಸಿದ ಅಚ್ಚುಚೀಟಿಗಳು ಅವು: ಹಾಡಿನ ನಂಬರು, ತಪ್ಪು, ಆಧಾರ, ಕಳಿಸಿದವರ ಹೆಸರು ಮತ್ತು ವಿಳಾಸ. ಗ್ಯಾಸು ಮುಗಿದಿದೆ ಎಂಬುದನ್ನೂ ಅದರಲ್ಲೇ ಬರೆಯಬೇಕಿತ್ತು. ಡಬ್ಬ ತೆರೆದರೆ ಒಂದೇ ಚೀಟಿ. "ಅಕ್ಕನ ಮನೆಗೆ ಹೋಗಿದ್ದೇನೆ. ಯಾವಾಗ ಬರುತ್ತೇನೋ ಗೊತ್ತಿಲ್ಲ. ಎರಡು ಸಲ ಬಾಯಲ್ಲೂ ಹೇಳಿದ್ದೇನೆ."

ಚೀಟಿ ಓದಿ ಗಾಬರಿಯಾಗಬೇಕಿತ್ತು. ಆದರೆ ಜೀವನವಿಡೀ ಕರಡು ತಿದ್ದಿದ ಕಣ್ಣು ಮೊದಲು ನೋಡಿದ್ದು ಅಕ್ಷರವನ್ನು. 'ದ್ದ'ದ ಒತ್ತನ್ನು ಕೆಳಗಿನ ಗೆರೆಯವರೆಗೂ ಎಳೆಯುವ ಈ ಕೈಬರಹವನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. (ಹೆಂಡತಿಯ ಕೈಬರಹವನ್ನು ಎಲ್ಲಿ ನೋಡಿದ್ದೆ ಎಂದು ಯೋಚಿಸುವ ಗಂಡ ಲೋಕದಲ್ಲಿ ಇವರೊಬ್ಬರೇ ಇದ್ದಾರು.) ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು, ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ, ತಿರಸ್ಕೃತ ಚೀಟಿಗಳ ಕಟ್ಟಿನಲ್ಲಿ.

ಆ ನಗು ತನ್ನದೆಂದು ಹಕ್ಕು ಸಾಧಿಸಿ ಒಂಬತ್ತು ಜನ ಹೆಂಗಸರು ಬರೆದಿದ್ದರು. ಈ ಚೀಟಿ ಹತ್ತನೆಯದು, ಏಳು ವರ್ಷ ಹಳೆಯದು. ಹೆಸರು, ವಿಳಾಸದ ಜಾಗ ಖಾಲಿ. ಖಾಲಿ ಇದ್ದರೆ ಮಿಕ್ಕದ್ದನ್ನು ಓದದೆ ಮೊಹರು ಒತ್ತುವುದು ಕೋಶಪ್ಪನವರ ಪದ್ಧತಿ. ಒತ್ತಿದ್ದರು. ನೇರಳೆ ಬಣ್ಣದಲ್ಲಿ, ಚೌಕಟ್ಟಿನ ಸಮೇತ: ನಂಬಲರ್ಹವಲ್ಲ.

ಅದನ್ನು ಅವರು ಓದಿದ್ದು ಈಗ, ನಿಂತುಕೊಂಡೇ. ಹಾಡು: ೧೧೭. ತಪ್ಪು: ಅಪರಿಚಿತ ಮಹಿಳೆ ಎಂದಿದೆ. ಆ ನಗು ನನ್ನದು. ಆಧಾರ: ಮುಂದಿನ ಸಾಲಿನಲ್ಲಿ ಒಬ್ಬ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪುಸ್ತಕದಲ್ಲಿ ಟೈಮು ಬರೆದುಕೊಳ್ಳುತ್ತಿದ್ದ. ಎಲ್ಲರೂ ಕುಣಿಯುತ್ತಿದ್ದರು, ಅವನೊಬ್ಬ ಬರೆಯುತ್ತಿದ್ದ. ಹಾಡು ನಿಂತಾಗ ಟಾರ್ಚು ಅವನ ಬಾಯಿಂದ ಜಾರಿ ತೊಡೆಯ ಮೇಲೆ ಬಿತ್ತು.

ಕೋಶಪ್ಪನವರು ಮೇಜಿನ ಖಾನೆಯಿಂದ ಹಳೆಯ ಟಾರ್ಚನ್ನು ಹೊರತೆಗೆದರು. ಟಾರ್ಚು ಬಿದ್ದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಆ ಟಾರ್ಚಿನ ಮೇಲೆ ಅವರ ಹಲ್ಲಿನ ಗುರುತು ಇನ್ನೂ ಇತ್ತು.

ಫೋನು ಎತ್ತಿದ್ದು ಹೆಂಡತಿಯ ಅಕ್ಕ. ಕರೀತೀನಿ ಇರಿ ಎಂದು ಫೋನು ಕೆಳಗಿಟ್ಟು ಒಳಗೆ ಹೋಗಿ, ಯಾರು ಫೋನು ಮಾಡಿದ್ದಾರೆಂದು ತಂಗಿಗೆ ಹೇಳಿದ್ದು ಇವರಿಗೂ ಕೇಳಿಸಿತು. ಆ ಕಡೆ ದೂರದ ಕೋಣೆಯಲ್ಲಿ ಯಾರೋ ನಕ್ಕರು. ಗಟ್ಟಿಯಾಗಿ, ತಡೆಯಿಲ್ಲದೆ, ಕೊನೆಯಲ್ಲಿ ಒಂದಿಷ್ಟು ಉಸಿರೆಳೆದುಕೊಂಡು. ಥೇಟು ನೂರಾ ಹದಿನೇಳು. ಎರಡು ಸಾವಿರ ಸಲವಾದರೂ ಕೇಳಿದ ನಗು. ಈ ಮನೆಯಲ್ಲಿ ಮಾತ್ರ ಒಮ್ಮೆಯೂ ಕೇಳಿದ ನೆನಪಿರಲಿಲ್ಲ.

"ನೀನೇನಾ ಅದು?" ಎಂದರು ಆಕೆ ಬಂದಾಗ.

"ಯಾವುದು?"

"ನಗು. ಚೀಟಿ ಸಿಕ್ತು."

"ಏಳು ವರ್ಷಕ್ಕೆ ಸಿಕ್ತು ಅನ್ನಿ."

"ಬಾಯಲ್ಲಿ ಹೇಳಬಾರದಿತ್ತೇನೇ?"

"ಮೂರು ಸಲ ಹೇಳ್ದೆ ರೀ. ಹೂಂ ಅಂದ್ರಿ. ಮೂರನೇ ಸಲ, ಚೀಟಿ ಬರೆದು ಹಾಕು ಅಂದ್ರಿ. ಹಾಕ್ದೆ. ಹೆಸರು ಯಾಕೆ ಬರೀಲಿಲ್ಲ ಅಂತ ಕೇಳ್ಬೇಡಿ. ಪಕ್ಕದ ಕೋಣೇಲಿರೋಳಿಗೆ ಎಂಥಾ ವಿಳಾಸ?"

ಆಗ ನಿನಗೆ ಆ ಟಾರ್ಚಿನವನು ನಾನೇ ಅಂತ ಗೊತ್ತಿತ್ತೇ, ಮದುವೆಯ ಮಾತು ಬಂದಾಗ, ಎಂದು ಅವರು ಮೆತ್ತಗೆ ಕೇಳಿದರು.

"ನೋಡಿದ ಕೂಡ್ಲೇ ಗೊತ್ತಾಯ್ತು. ಜೇಬಲ್ಲಿ ಅದೇ ಪುಸ್ತಕ ಇತ್ತಲ್ಲ. ಅದಕ್ಕೇ ಒಪ್ಕೊಂಡೆ. ಇವರ ಜೊತೆ ಇದ್ರೆ ದಿನಾ ನಗಬಹುದು ಅಂದ್ಕೊಂಡೆ."

ಕೋಶದಲ್ಲಿ ಇದಕ್ಕೆ ಯಾವ ಖಾನೆಯೂ ಇರಲಿಲ್ಲ. ಕೋಶಪ್ಪನವರು, ಹೊರಟು ಬಾ ಎಂದರು. ಬಾಯಲ್ಲಿ ಹೇಳಿದರೆ ನಾನೂ ಹೂಂ ಅಂತೀನಿ ಅಷ್ಟೇ ಎಂದರು ಆಕೆ. ಚೀಟಿ ಬರೆದು ಕಳಿಸಿ, ಆಧಾರ ಸಮೇತ. ಅಷ್ಟು ಹೇಳಿ ಫೋನು ಇಟ್ಟರು.

ಎಂಟುನೂರ ಹದಿನಾಲ್ಕು ಪುಟ ಬರೆದ ಕೈಗೆ ಒಂದು ಚೀಟಿ ತುಂಬಿಸಲು ನಾಲ್ಕು ದಿನ ಹಿಡಿಯಿತು. 'ತಪ್ಪು' ಎಂಬ ಖಾನೆ ಬೇಗ ತುಂಬಿ, ಅಂಚಿನಲ್ಲಿ ಹರಿದು, ಹಿಂಬದಿಗೂ ಹೋಯಿತು. ಪೇಚಿಗಿಟ್ಟುಕೊಂಡದ್ದು ಆಧಾರ. ಕೊನೆಗೆ ಹೆಡ್‌ಫೋನನ್ನು ಬೀರುವಿನಲ್ಲಿಟ್ಟು, ಕಿವಿ ಬಿಚ್ಚಿಕೊಂಡು ಮನೆಯ ನಡುವೆ ಒಂದು ಹಗಲು ಪೂರ್ತಿ ಕೂತರು. ಕೇಳಿದ್ದನ್ನೆಲ್ಲ ತಮ್ಮ ಪದ್ಧತಿಯಂತೆ ಬರೆದುಕೊಂಡರು. ಬೆಳಗ್ಗೆ ಏಳು ಹತ್ತಕ್ಕೆ ಕುಕ್ಕರ್ ಕೂಗಲಿಲ್ಲ. ಒಂಬತ್ತೂವರೆಗೆ ಬಚ್ಚಲಿನಲ್ಲಿ ಬಕೆಟ್ಟಿನ ಸದ್ದಿಲ್ಲ. ಹನ್ನೊಂದಕ್ಕೆ ಫ್ರಿಜ್ಜು ಗುರುಗುಟ್ಟಿ ನಿಂತಿತು. ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯಲ್ಲಿ ಯಾರನ್ನೋ ಊಟಕ್ಕೆ ಕರೆದರು, ನನ್ನನ್ನಲ್ಲ. ನಾಲ್ಕಕ್ಕೆ ಲೋಟ ಬರಲಿಲ್ಲ. ಸಂಜೆಯವರೆಗೆ ಈ ಮನೆಯಲ್ಲಿ ಮನುಷ್ಯರ ಧ್ವನಿ ಒಂದೇ ಸಲ ಕೇಳಿತು, ಕೆಮ್ಮು, ಅದು ನನ್ನದು. ಇಷ್ಟನ್ನು ಆಧಾರದ ಜಾಗದಲ್ಲಿ ಒತ್ತೊತ್ತಾಗಿ ಬರೆದು, ಕೆಳಗೆ "ನನಗೆ ಬಹಳ ಬೇಸರವಾಗಿದೆ, ಬಾ" ಎಂದು ಸೇರಿಸಿದರು. ಜೀವಮಾನದಲ್ಲೇ ಇಷ್ಟು ಆಧಾರಸಹಿತವಾದದ್ದನ್ನು ಬರೆದಿಲ್ಲ ಎಂಬ ಸಮಾಧಾನದಿಂದ ಲಕೋಟೆ ಅಂಟಿಸಿ, ಅಂಚೆಪೆಟ್ಟಿಗೆಗೆ ಹಾಕಿ, ಒಳಗೆ ಬಿದ್ದಿತೇ ಎಂದು ಎರಡು ಸಲ ಪೆಟ್ಟಿಗೆ ಬಡಿದು ನೋಡಿದರು.

ಮೂರನೆಯ ದಿನ ಉತ್ತರ ಬಂತು. ಕೋಶಪ್ಪನವರು ಬಾಗಿಲಲ್ಲೇ ಲಕೋಟೆ ಹರಿದರು. ಒಳಗಿದ್ದದ್ದು ಅವರದೇ ಚೀಟಿ. ಅದರ ಮೇಲೆ ಅಡ್ಡಡ್ಡಲಾಗಿ, ನೇರಳೆ ಬಣ್ಣದಲ್ಲಿ, ಚೌಕಟ್ಟಿನ ಸಮೇತ: ನಂಬಲರ್ಹವಲ್ಲ. ಪಕ್ಕದಲ್ಲಿ ಗೆರೆಯವರೆಗೂ ಒತ್ತು ಎಳೆಯುವ ಅಕ್ಷರದಲ್ಲಿ ಒಂದು ಸಾಲು: "ಕಳಿಸಿದ್ದು ಯಾರೆಂದು ತಿಳಿದುಬಂದಿಲ್ಲ. ಮಿಕ್ಕದ್ದನ್ನು ಓದಿಲ್ಲ."

ಹೆಸರು ಮತ್ತು ವಿಳಾಸದ ಜಾಗವನ್ನು ನೋಡಿದರು. ಖಾಲಿ. ಸ್ವಂತ ಹೆಂಡತಿಗೆ ಬರೆಯುವಾಗ ಹೆಸರು ಯಾಕೆ ಬೇಕೆಂದು ಅವರಿಗೂ ಅನ್ನಿಸಿತ್ತು.

ಮೊಹರು ಎಲ್ಲಿ ಹೋಗಿತ್ತೆಂಬುದು ಈಗ ತಿಳಿಯಿತು. ಕೋಶಪ್ಪನವರಿಗೆ ನಗು ಬಂತು. ಬಾಗಿಲಿಗೆ ಒರಗಿಕೊಂಡು ಗಟ್ಟಿಯಾಗಿ ನಕ್ಕರು, ಹೆಚ್ಚೆಂದರೆ ನಾಲ್ಕು ಸೆಕೆಂಡು. ಅಭ್ಯಾಸಬಲದಿಂದ ಗಡಿಯಾರ ನೋಡಿದರು. ಆಮೇಲೆ ಒಳಗಿನಿಂದ ಯಾರಾದರೂ ಏನಾಯ್ತು ರೀ ಎಂದು ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.